ಕರೆಂಟಿಗೂ ಕೋಳಿಗೂ ಆಗಿಬರುವುದಿಲ್ಲ

ಹಿರೇಕೊಡಿಗೆಯ ಲೈನ್‌ಮ್ಯಾನ್ ವಾಸಪ್ಪನ ಧೈರ್ಯದ ವಿಷಯದಲ್ಲಿ ಊರಿನಲ್ಲಿ ಎರಡು ಮಾತಿರಲಿಲ್ಲ. ಆರಿದ್ರಾ ಮಳೆಯಲ್ಲಿ ಗುಡುಗು ಹೊಡೆಯುತ್ತಿರುವಾಗಲೇ ಕಂಬ ಹತ್ತಿದವನು ಅವನು. ಒಮ್ಮೆ ಅವನಿಗಿಂತ ಮೊದಲೇ ಕಂಬ ಹತ್ತಿ ತುದಿಯಲ್ಲಿ ಕೂತಿದ್ದ ಹಾವನ್ನು "ಸ್ವಲ್ಪ ಜರುಗು ಮಾರಾಯ, ನಂಗೆ ಕೆಲ್ಸ ಅದೆ" ಎಂದು ಕೋಲಿನಿಂದ ಸರಿಸಿ ವಯರ್ ಕಟ್ಟಿ ಇಳಿದಿದ್ದ. ಬಸರೀಕಟ್ಟೆ ರಸ್ತೆಯಲ್ಲಿ ಒಂಟಿ ಆನೆ ಎದುರಾದಾಗ ಬೈಕ್ ನಿಲ್ಲಿಸಿ, ಅದು ರಸ್ತೆ ದಾಟುವವರೆಗೆ ಎಲೆಯಡಿಕೆ ಜಗಿಯುತ್ತ ಕಾದಿದ್ದ. ಆನೆಯೇ ಸ್ವಲ್ಪ ಅವಸರ ಮಾಡಿತು ಎಂದು ನೋಡಿದವರು ಹೇಳುತ್ತಾರೆ.

ಇಂಥ ವಾಸಪ್ಪನಿಗೆ ಕೋಳಿ ಕಂಡರೆ ಹೆದರಿಕೆ.

ಕೋಳಿ ಎಂದರೆ ಹುಂಜ ಮಾತ್ರ ಅಲ್ಲ. ಹೇಂಟೆ, ಮರಿ, ಬೇಲಿಯ ಮೇಲೆ ಸಿಕ್ಕಿಕೊಂಡ ಒಂದು ಪುಕ್ಕ, ಎಲ್ಲದಕ್ಕೂ. ಅವನು ಐದು ವರ್ಷದವನಿದ್ದಾಗ ಅಜ್ಜಿಯ ಮನೆಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತ ಕೋಳಿಗೂಡಿನೊಳಗೆ ಅಡಗಿ ಕೂತ. ಒಳಗೆ ಕಾವಿಗೆ ಕೂತ ಕೋಳಿ ಇತ್ತು. ಕೋಳಿಯನ್ನು ತಲೆಯ ಮೇಲೆ ಹೊತ್ತುಕೊಂಡು, ಚಡ್ಡಿಯನ್ನು ಗೂಡಿನ ಮೊಳೆಗೆ ಬಿಟ್ಟು, ಅವನು ಹೊರಗೆ ಓಡಿಬಂದದ್ದು ಸೀದಾ ಅಂಗಳಕ್ಕೆ. ಅಂಗಳದಲ್ಲಿ ಅತ್ತೆಯ ನಿಶ್ಚಿತಾರ್ಥಕ್ಕೆ ಬಂದ ನೆಂಟರು ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು. ಕೋಳಿ ಕುಕ್ಕಿದ ಗಾಯ ನಾಲ್ಕು ದಿನದಲ್ಲಿ ಒಣಗಿತು. ಆ ಪಂಕ್ತಿಯ ನಗು ಮಾತ್ರ ನಲವತ್ತನಾಲ್ಕು ವರ್ಷವಾದರೂ ಹಸಿಯಾಗಿಯೇ ಇತ್ತು. ಕೊಕ್ಕು ಇಳಿಯುವುದು ಚರ್ಮದವರೆಗೆ, ನಗು ಇಳಿಯುವ ಆಳಕ್ಕೆ ಯಾವ ಡಾಕ್ಟರೂ ಔಷಧಿ ಹಚ್ಚಿದ್ದಿಲ್ಲ.

ಈ ಗುಟ್ಟು ತಿಳಿದಿದ್ದದ್ದು ಹೆಂಡತಿ ಜಲಜಾಕ್ಷಿಗೆ ಒಬ್ಬಳಿಗೇ. ತವರಿನಲ್ಲಿ ನಲವತ್ತು ಕೋಳಿ ಸಾಕಿ ಬೆಳೆದ ಹೆಣ್ಣು ಅವಳು. ಮದುವೆಯಾಗಿ ಬಂದ ವಾರದಲ್ಲೇ ಗಂಡನ ಮುಖ ನೋಡಿ ವಿಷಯ ಅರ್ಥ ಮಾಡಿಕೊಂಡಳು. ಅಂದಿನಿಂದ, "ಎಂತ ಮಾರಾಯ್ತಿ, ಇಷ್ಟು ದೊಡ್ಡ ಹಿತ್ಲು, ಒಂದು ಕೋಳಿ ಇಲ್ಲ" ಎಂದು ಯಾರು ಕೇಳಿದರೂ "ನಂಗೆ ಕೋಳಿ ವಾಸನೆ ಆಗಲ್ಲ ಕಣೇ" ಎನ್ನುತ್ತಿದ್ದಳು. ಜಲಜಾಕ್ಷಿಗೆ ಸ್ವಲ್ಪ ಗತ್ತು ಎಂದು ಊರು ತೀರ್ಮಾನಿಸಿತು. ಅವಳು ಇಪ್ಪತ್ತೊಂದು ವರ್ಷ ಆ ಗತ್ತನ್ನು ಸುಮ್ಮನೆ ಹೊತ್ತುಕೊಂಡಳು.

ಎಡವಟ್ಟು ಶುರುವಾದದ್ದು ಅಂಗಡಿ ನಾರಾಯಣನ ಮನೆಯಲ್ಲಿ. ಅವನ ಮನೆಯ ಫ್ಯೂಸ್ ಹೋಗಿತ್ತು. ವಾಸಪ್ಪ ಬೇಲಿಯ ಬಾಗಿಲಿಗೆ ಅಡ್ಡ ಹಾಕಿದ ಉಣುಗೋಲಿನ ಹತ್ತಿರ ಬಂದು ನೋಡುತ್ತಾನೆ, ಅಂಗಳದ ತುಂಬ ಹನ್ನೆರಡು ಕೋಳಿ, ಎಲ್ಲವೂ ಅವನನ್ನೇ ನೋಡುತ್ತಿವೆ.

"ಬಾ ಮಾರಾಯ, ಎಂತಕ್ಕೆ ಅಲ್ಲೇ ನಿಂತೆ?" ಎಂದ ನಾರಾಯಣ.

ಎಂದಿನಂತೆ ನಾಯಿಯ ನೆಪ ಹೇಳೋಣವೆಂದರೆ ನಾಯಿ ಸತ್ತು ತಿಂಗಳಾಗಿತ್ತು, ಮಣ್ಣು ಮಾಡುವುದಕ್ಕೆ ವಾಸಪ್ಪನೂ ಹೋಗಿದ್ದ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಕೋಳಿ ಕೂಡಿಹಾಕು ಮೊದ್ಲು. ಫಾಲ್ಟ್ ಇರೋವಾಗ ಕೋಳಿ ಹೊರಗೆ ಬಿಡಬಾರ್ದು."

"ಯಾಕೆ?"

"ಅವು ನೆಲ ಕೆದರ್ತಾವಲ್ಲ. ಅರ್ಥಿಂಗ್ ಸಡಿಲ ಆಗ್ತದೆ. ಕರೆಂಟ್ ಎಲ್ಲಿಗೆ ಹೋಗ್ಬೇಕು ಅಂತ ತಿಳೀದೆ ಅಂಗಳದ ತುಂಬ ಓಡಾಡ್ತದೆ. ಕೋಳಿಗೆ ಬರೀ ಕಾಲು, ಅದಕ್ಕೇನೂ ಆಗಲ್ಲ. ನಾವು ಹೋಗ್ಬಿಡ್ತೀವಿ."

ಸುಳ್ಳು ಹೇಳಿದರೆ ಹೀಗೆ ಹೇಳಬೇಕು. ಅರ್ಧ ನಿಜ, ಅರ್ಧ ಇಂಗ್ಲಿಷು, ಕೊನೆಯಲ್ಲಿ ಒಂದು ಸಾವು. ನಾರಾಯಣ ತಾನು ನಿಂತಿದ್ದ ನೆಲವನ್ನೇ ಒಮ್ಮೆ ನೋಡಿಕೊಂಡು ಪಕ್ಕನೆ ಜಗಲಿ ಹತ್ತಿದ. ಅಲ್ಲಿಂದಲೇ ಹೆಂಡತಿಯನ್ನು ಕೂಗಿ ಹನ್ನೆರಡೂ ಕೋಳಿಗಳನ್ನು ಗೂಡಿಗೆ ಹಾಕಿಸಿದ. ವಾಸಪ್ಪ ಗಂಭೀರವಾಗಿ ಒಳಗೆ ಬಂದು ಫ್ಯೂಸ್ ಹಾಕಿ ಹೋದ.

ನಾರಾಯಣನ ಅಂಗಡಿಗೆ ಬಂದ ಸುದ್ದಿ ಬೆಲ್ಲ ಕಟ್ಟಿದ ಕಾಗದದ ಜೊತೆ ಮನೆಮನೆಗೆ ಹೋಗುವುದು ಮೊದಲಿನಿಂದಲೂ ಇರುವ ಪದ್ಧತಿ. ಈಗ ವಾಟ್ಸಾಪ್ ಕೂಡ ಇತ್ತು. "ಕರೆಂಟಿಗೂ ಕೋಳಿಗೂ ಆಗಿಬರುವುದಿಲ್ಲ. ಕರೆಂಟ್ ಹೋದ ಕೂಡಲೇ ಕೋಳಿ ಕೂಡಿಹಾಕಿ. ಜೀವ ಉಳಿಸಿ. ಹತ್ತು ಜನರಿಗೆ ಕಳಿಸಿ" ಎಂದು ಕೈಮುಗಿದ ಚಿತ್ರದ ಸಮೇತ ಊರಿನ ಗುಂಪಿನಲ್ಲಿ ಬಂತು. ಮಹಿಳಾ ಸಂಘದವರು ಸಭೆ ಸೇರಿ ಒಪ್ಪಿಗೆ ಕೊಟ್ಟರು. ಬೆಳಿಗ್ಗೆ ಎರಡು ಸಲ, ಮಧ್ಯಾಹ್ನ ಮೂರು ಸಲ ಕರೆಂಟ್ ಹೋಗುವ ಊರು ಅದು. ಪ್ರತಿ ಸಲವೂ ಹೆಂಗಸರು ಒಲೆಯ ಮೇಲಿನ ಪಲ್ಯ ಬಿಟ್ಟು ಕೋಳಿಯ ಹಿಂದೆ ಓಡಿದರು. ತಿಂಗಳು ಕಳೆಯುವುದರಲ್ಲಿ ಓಡುವ ಅಗತ್ಯವೇ ಉಳಿಯಲಿಲ್ಲ. ಮಿಕ್ಸಿಯ ಸದ್ದು ನಿಂತ ಕೂಡಲೇ ಕೋಳಿಗಳು ತಾವೇ ಸಾಲಾಗಿ ಗೂಡಿಗೆ ಹೋಗಿ ಕೂರತೊಡಗಿದವು. ಹಿರೇಕೊಡಿಗೆಯಲ್ಲಿ ಶಿಸ್ತು ಕಲಿತವರು ಎಂದರೆ ಅವು ಮಾತ್ರ.

ವಾಸಪ್ಪನಿಗೆ ಇಷ್ಟು ಸುಖ ಜೀವನದಲ್ಲೇ ಸಿಕ್ಕಿರಲಿಲ್ಲ. ಯಾವ ಮನೆಗೆ ಹೋದರೂ ಅಂಗಳ ಖಾಲಿ. ಬಾಯಿಗೆ ಬಂದ ಒಂದು ಮಾತಿನಿಂದ ಊರೇ ಅವನಿಗೆ ದಾರಿ ಬಿಟ್ಟುಕೊಟ್ಟಿತ್ತು.

"ಇದು ಎಲ್ಲಿಗೆ ಹೋಗಿ ಮುಟ್ತದೋ" ಎಂದಳು ಜಲಜಾಕ್ಷಿ.

ಅದು ತುಂಗಮ್ಮನ ಮನೆಗೆ ಹೋಗಿ ಮುಟ್ಟಿತು.

ತುಂಗಮ್ಮ ಗುಡ್ಡದ ಬುಡದ ಮನೆಯಲ್ಲಿ ಇರುವ ಹಿರಿಯಾಕೆ. ಅವಳ ಹೇಂಟೆಗಳೆಲ್ಲ ಕರೆಂಟ್ ಹೋದಾಗ ಗೂಡು ಸೇರುತ್ತಿದ್ದವು, ಸೇರದ್ದು ಒಂದು ಹುಂಜ, ಚೌಡಿಗೆ ಹರಕೆ ಬಿಟ್ಟ ಹುಂಜ. ಎರಡೂ ಮೊಣಕಾಲು ನೋವು ವಾಸಿಯಾದರೆ ಹುಂಜ ಒಪ್ಪಿಸುತ್ತೇನೆ ಎಂದು ಅವಳು ಹೇಳಿಕೊಂಡು ಮೂರು ವರ್ಷವಾಗಿತ್ತು. ಹರಕೆಯ ಹುಂಜ ಎಂದರೆ ಅದು ಮನೆಯವರದಲ್ಲ, ದೇವರದು. ಹೊಡೆಯುವ ಹಾಗಿಲ್ಲ, ಕಟ್ಟುವ ಹಾಗಿಲ್ಲ, ಬುಟ್ಟಿ ಕವುಚುವ ಹಾಗಿಲ್ಲ. ಒಪ್ಪಿಸುವ ದಿನದವರೆಗೆ ಅದು ನಡೆದದ್ದೇ ದಾರಿ. ತುಂಗಮ್ಮನ ಬಲಮೊಣಕಾಲು ಆರು ತಿಂಗಳಲ್ಲಿ ವಾಸಿಯಾಯಿತು. ಎಡದ್ದು ಇನ್ನೂ ನೋಯುತ್ತದೆ ಎನ್ನುತ್ತಿದ್ದಳು. ಆ ನೋಯುವ ಕಾಲಿನಲ್ಲೇ ದಿನಾ ಗುಡ್ಡ ಹತ್ತಿ ಸೊಪ್ಪಿನ ಹೊರೆ ತರುತ್ತಿದ್ದಳು. ಚೌಡಿಯೂ ಏನೂ ಕೇಳಲಿಲ್ಲ, ಊರವರೂ ಕೇಳಲಿಲ್ಲ. ಹುಂಜ ಮಾತ್ರ ಮೂರು ವರ್ಷದಲ್ಲಿ ಕರುವಿನ ಗಾತ್ರಕ್ಕೆ ಬೆಳೆಯಿತು ಎಂದು ವಾಸಪ್ಪನ ಅಂದಾಜು.

ಗಾಳಿಗೆ ಹಲಸಿನ ಕೊಂಬೆ ಮುರಿದು ತುಂಗಮ್ಮನ ಮನೆಗೆ ಹೋಗುವ ವಯರ್ ಕಿತ್ತುಹೋಯಿತು. ವಾಸಪ್ಪ ಬಂದು ಉಣುಗೋಲಿನ ಆಚೆ ನಿಂತ. ಹುಂಜ ಈಚೆ ನಿಂತಿತು.

"ಹುಂಜ ಕೂಡಿಹಾಕಿ ದೊಡ್ಡಮ್ಮ."

"ಅದು ಚೌಡಿದಪ್ಪ. ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ಕಂಬ ಹತ್ತೋ ಹಾಗಿಲ್ಲ."

"ಚೌಡಿಗಿಂತ ನಿನ್ನ ಕರೆಂಟ್ ಆಫೀಸು ದೊಡ್ಡದಾ?"

ವಾಸಪ್ಪ ತಿರುಗಿ ಬಂದ. ಮರುದಿನವೂ ಹೋಗಿ ತಿರುಗಿ ಬಂದ. ಮೂರನೆಯ ದಿನ ತುಂಗಮ್ಮ ನಾರಾಯಣನ ಅಂಗಡಿಗೆ ಬಂದು, ಅವನ ಫೋನಿನಿಂದಲೇ ದೂರಿನ ನಂಬರಿಗೆ ಕರೆ ಮಾಡಿಸಿದಳು. "ನಮ್ಮನೆ ಹುಂಜ ದೇವರದು ಅಂತ ನಂಗೆ ಕರೆಂಟ್ ಕೊಡ್ತಾ ಇಲ್ಲ. ಬರ್ಕೊಳ್ಳಿ" ಎಂದಳು. ಆ ಕಡೆಯವರು ಮೂರು ಸಲ ಕೇಳಿ ಬರೆದುಕೊಂಡರು.

ದೂರು ಸೆಕ್ಷನ್ ಆಫೀಸರ್ ವೀರೇಶ್ ಅವರ ಮೇಜಿಗೆ ಬಂತು. ನರಸಿಂಹರಾಜಪುರದ ಕಡೆಯ ಹುಡುಗ, ಹೊಸದಾಗಿ ಬಂದವರು, ಶೂ ಹೊಳೆಯುತ್ತಿತ್ತು. ಅವರಿಗೆ ಅದಾಗಲೇ ಕೋಳಿಯ ಕಾಟ ಸಾಕಾಗಿತ್ತು. ಬಾತುಕೋಳಿಗೂ ಈ ಕಾನೂನು ಅನ್ವಯಿಸುತ್ತದೆಯೇ ಎಂದು ಒಬ್ಬರು, ಕೋಳಿ ಮೊಟ್ಟೆ ಇಡುವ ಹೊತ್ತಿಗೇ ಕರೆಂಟ್ ತೆಗೆದರೆ ಹೇಗೆ ಎಂದು ಇನ್ನೊಬ್ಬರು ದಿನಾ ಫೋನ್ ಮಾಡುತ್ತಿದ್ದರು. ಮರುದಿನ ಬೆಳಿಗ್ಗೆಯೇ ಅವರು ವಾಸಪ್ಪನನ್ನು ಜೀಪಿನಲ್ಲಿ ಕೂರಿಸಿಕೊಂಡು ತುಂಗಮ್ಮನ ಮನೆಗೆ ಬಂದರು. ವಿಷಯ ಗೊತ್ತಾಗಿ ನಾರಾಯಣ ಅಂಗಡಿ ಬಾಗಿಲು ಹಾಕಿಯೇ ಬಂದ. ಅವನು ಹಾಗೆ ಬಾಗಿಲು ಹಾಕುವುದು ಚುನಾವಣೆಗೆ ಮಾತ್ರ. ಅವನ ಹಿಂದೆ ಅರ್ಧ ಊರು ಬಂತು. ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತ ಜಲಜಾಕ್ಷಿ ಬಂದಳು.

"ವಾಸಪ್ಪನವ್ರೇ, ಈ ಕೋಳಿ ರೂಲ್ ಯಾವ ಸರ್ಕ್ಯುಲರ್‌ನಲ್ಲಿದೆ?" ಎಂದು ಕೇಳಿದರು ವೀರೇಶ್.

ವಾಸಪ್ಪ ಉಣುಗೋಲನ್ನು ಹಿಡಿದು ಹುಂಜವನ್ನೇ ನೋಡುತ್ತಿದ್ದ.

"ನಾನು ಹುಡುಕಿದೆ. ಎಲ್ಲೂ ಇಲ್ಲ. ಈಗ ನೋಡಿ, ಹುಂಜ ಅಲ್ಲೇ ಇರ್ಲಿ. ನೀವು ಹೋಗಿ ಕಂಬ ಹತ್ತಿ ವಯರ್ ಕಟ್ಟಿ. ಆಗಲ್ಲ ಅಂದ್ರೆ ನಾಳೆಯಿಂದ ನಿಮ್ಗೆ ಬೇರೆ ಸೆಕ್ಷನ್. ಘಟ್ಟದ ಆಚೆ ಜಾಗ ಖಾಲಿ ಇದೆ."

ವಾಸಪ್ಪ ಹೋದರೆ ಊರಿಗೇ ಕತ್ತಲೆ. ಯಾವ ಕಂಬಕ್ಕೆ ಯಾವ ಮರ ಒರಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುವವನು ವಾಸಪ್ಪ. ವಾಸಪ್ಪನಿಗೂ ಇಪ್ಪತ್ನಾಲ್ಕು ವರ್ಷದಿಂದ ಗೊತ್ತಿರುವುದು ಈ ಕಂಬಗಳೇ. ಅವನು ಒಂದು ಕಾಲು ಮುಂದಿಟ್ಟ. ಹುಂಜ ಕತ್ತಿನ ಪುಕ್ಕ ನಿಗುರಿಸಿತು. ಕಾಲು ಹಿಂದೆ ಬಂತು.

ಆಗ ಜಲಜಾಕ್ಷಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂದೆ ಬಂದಳು.

"ಸಾರ್, ತಪ್ಪು ನಂದು. ನಂಗೆ ಕೋಳಿ ವಾಸನೆ ಆಗಲ್ಲ. ಇವರು ಕೋಳಿ ಇರೋ ಮನೆಗೆ ಹೋಗ್ಬಂದ್ರೆ ಬಟ್ಟೆಗೆಲ್ಲ ವಾಸನೆ ಹತ್ತಿರ್ತದೆ. ಅದಕ್ಕೆ ನಾನೇ ಗಲಾಟೆ ಮಾಡಿ..."

"ಓಹೋ, ಜಲಜಕ್ಕನ ಮೂಗಿನ ಸಲುವಾಗಿ ನಾವು ಕೋಳಿ ಹಿಂದೆ ಓಡಿದ್ದಾ?" ಎಂದ ನಾರಾಯಣ. ಒಂದಿಬ್ಬರು ಕಿಸಕ್ಕೆಂದರು. ಉಳಿದವರ ಬಾಯಿಯೂ ಅರಳತೊಡಗಿತು.

ವಾಸಪ್ಪನಿಗೆ ಆ ಬಾಯಿಗಳ ಗುರುತು ಚೆನ್ನಾಗಿತ್ತು. ಐದು ವರ್ಷದವನಿದ್ದಾಗ ಅವನು ಬರಿಮೈಯಲ್ಲಿ ಎದುರಿಸಿದ್ದು ಅವನ್ನೇ. ಈಗ ಅವು ತಿರುಗಿದ್ದು ಜಲಜಾಕ್ಷಿಯ ಕಡೆಗೆ.

"ಸುಳ್ಳು ಸಾರ್," ಎಂದ. "ಅವಳಿಗೆ ಕೋಳಿ ಅಂದ್ರೆ ಪ್ರಾಣ. ನಂಗೆ ಕೋಳಿ ಕಂಡ್ರೆ ಹೆದರಿಕೆ. ರೂಲ್ ನಾನೇ ಮಾಡಿದ್ದು."

ಮೊದಲು ಬಾಯಿ ಬಿಟ್ಟವಳು ತುಂಗಮ್ಮ.

"ಯಾವ ಕೋಳಿ? ಇದೊಂದಾ?"

"ಎಲ್ಲಾ ಕೋಳೀನೂ ದೊಡ್ಡಮ್ಮ."

"ಮರೀನೂ?"

"ಮರೀನೂ."

"ಸಾರು ಮಾಡಿದ್ದು?"

ವಾಸಪ್ಪ ಸ್ವಲ್ಪ ಯೋಚಿಸಿದ. "ಸಾರು ಮಾಡಿದ್ದಕ್ಕೆ ತೊಂದ್ರೆ ಇಲ್ಲ."

ಊರು ನಕ್ಕಿತು. ನಾರಾಯಣನಂತೂ ಉಣುಗೋಲು ಹಿಡಿದು ಬಗ್ಗಿ ನಕ್ಕ. ವೀರೇಶ್ ಅವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಜೀಪಿನ ಪಕ್ಕದ ಹುಲ್ಲಿನಲ್ಲಿ ನಿಂತು, ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು.

"ನೋಡಿ ವಾಸಪ್ಪನವ್ರೇ, ಹೆದರಿಕೆ ಅನ್ನೋದು ಮನಸ್ಸಿನ ಕಲ್ಪನೆ. ವಿದ್ಯಾವಂತರಾದ ನಾವು ಅದನ್ನ ವೈಜ್ಞಾನಿಕವಾಗಿ..."

ಅಲ್ಲಿಗೆ ನಿಲ್ಲಿಸಿ ಅವರು ತಮ್ಮ ಕಾಲನ್ನು ನೋಡಿಕೊಂಡರು. ಹೊಳೆಯುವ ಶೂ ಮೇಲಿಂದ ಒಂದು ಉಂಬಳ, ದಾರದಷ್ಟು ತೆಳ್ಳಗಿನ ಜಿಗಣೆ, ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಸಾಕ್ಸಿನ ಕಡೆಗೆ ಪ್ರಯಾಣ ಹೊರಟಿತ್ತು. ರಕ್ತ ಕುಡಿಯುವುದು ಒಂದು ಚಮಚದಷ್ಟೂ ಇಲ್ಲ, ಆ ಊರಿನ ಮಕ್ಕಳು ಅದನ್ನು ಕಿತ್ತೆಸೆದು ಆಟ ಮುಂದುವರಿಸುತ್ತಾರೆ. ಆದರೆ ಸೆಕ್ಷನ್ ಆಫೀಸರ್ ವೀರೇಶ್ ಅವರು "ಅವ್ವಾ" ಎಂದು ಕೂಗಿ ನಿಂತಲ್ಲಿಂದಲೇ ಜೀಪಿನ ಬಾನೆಟ್ ಮೇಲಕ್ಕೆ ಹಾರಿದರು. ಹಾರುವಾಗ ಉಂಬಳವಿದ್ದ ಶೂ ಕೆಳಗೇ ಉಳಿಯಿತು. ಇಷ್ಟು ಎತ್ತರ ಏಣಿಯಿಲ್ಲದೆ ಹತ್ತಿದವರನ್ನು ವಾಸಪ್ಪ ತನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ.

ಹುಂಜ ಗಂಭೀರವಾಗಿ ನಡೆದುಬಂತು. ಉಣುಗೋಲಿನ ಕೆಳಗೆ ನುಸುಳಿ, ವಾಸಪ್ಪನನ್ನು ದಾಟಿ, ಶೂ ಹತ್ತಿರ ನಿಂತು, ತಲೆ ಓರೆ ಮಾಡಿ ನೋಡಿ, ಒಂದೇ ಕುಕ್ಕಿಗೆ ಉಂಬಳವನ್ನು ನುಂಗಿತು.

"ಹೋಯ್ತಾ?" ಎಂದರು ವೀರೇಶ್ ಕಣ್ಣು ಮುಚ್ಚಿಕೊಂಡೇ.

"ಹೋಯ್ತು ಸಾರ್. ಚೌಡಿ ಹುಂಜ ತಿಂತು," ಎಂದ ವಾಸಪ್ಪ.

ವೀರೇಶ್ ಕಣ್ಣು ಬಿಟ್ಟು ಹುಂಜವನ್ನು ನೋಡಿದರು. ಮೇಲಧಿಕಾರಿಗಳನ್ನು ಕೂಡ ಅವರು ಅಷ್ಟು ಗೌರವದಿಂದ ನೋಡಿದ್ದಿಲ್ಲ. ಆಮೇಲೆ ವಾಸಪ್ಪನನ್ನು ನೋಡಿದರು. ವಾಸಪ್ಪ ನಗುತ್ತಿರಲಿಲ್ಲ. ಇಡೀ ಗುಂಪಿನಲ್ಲಿ ನಗದೆ ಇದ್ದವನು ಅವನೊಬ್ಬನೇ.

"ಚಿಕ್ಕಂದಿನಿಂದಾನಾ ಸಾರ್?" ಎಂದು ಮೆಲ್ಲಗೆ ಕೇಳಿದ.

"ಭದ್ರಾ ಹಿನ್ನೀರಲ್ಲಿ ಈಜೋಕೆ ಹೋದಾಗ," ಎಂದರು ವೀರೇಶ್ ಇನ್ನೂ ಮೆಲ್ಲಗೆ. "ಒಟ್ಟು ಹದಿನಾಲ್ಕು ಹತ್ತಿತ್ತು. ಎಲ್ಲರೂ ನಗ್ತಾ ನಿಂತಿದ್ರು."

ವಾಸಪ್ಪ ತಲೆಯಾಡಿಸಿದ. ನೆಲದ ಮೇಲಿನ ಶೂ ಎತ್ತಿ, ಒದರಿ, ಒಳಗೆ ಬೆರಳು ಆಡಿಸಿ ನೋಡಿ, ಬಾನೆಟ್ ಮೇಲಿದ್ದವರಿಗೆ ಕೊಟ್ಟ. ನಂತರ ಸೊಂಟಕ್ಕೆ ಬೆಲ್ಟ್ ಬಿಗಿದ. "ಲೈನ್ ಆಫ್ ಮಾಡಿಸಿ ಸಾರ್" ಎಂದ.

ವೀರೇಶ್ ಬಾನೆಟ್ ಮೇಲಿಂದಲೇ ಕರೆಂಟ್ ಸ್ಟೇಷನ್ನಿಗೆ ಫೋನ್ ಮಾಡಿ ಊರಿನ ಲೈನ್ ತೆಗೆಸಿದರು. ಕೂಡಲೇ ಊರಿನ ಕೋಳಿಗಳೆಲ್ಲ ಅಭ್ಯಾಸದಂತೆ ಗೂಡು ಸೇರಿದವು. ಹೊರಗೆ ಉಳಿದದ್ದು ಗೂಡನ್ನೇ ಕಾಣದ ಆ ಒಂದು ಹುಂಜ.

ಉಣುಗೋಲಿನಿಂದ ಕಂಬಕ್ಕೆ ಇಪ್ಪತ್ತೆರಡು ಹೆಜ್ಜೆ. ವಾಸಪ್ಪ ಏಣಿ ಹೊತ್ತು ನಡೆದ. ಹುಂಜ ಜೊತೆಗೇ ನಡೆಯಿತು. ಅವನು ನಿಂತರೆ ಅದೂ ನಿಂತಿತು. ವಾಸಪ್ಪ ಒಂದೊಂದೇ ಹೆಜ್ಜೆ ಎಣಿಸುವುದು ಉಣುಗೋಲಿನವರೆಗೆ ಕೇಳುತ್ತಿತ್ತು. ಕೊನೆಗೂ ಇಪ್ಪತ್ತೆರಡೂ ಹೆಜ್ಜೆ ಮುಗಿದವು. ಮೇಲೆ ಹತ್ತಿದ ಮೇಲೆ ಅವನು ಹಳೇ ವಾಸಪ್ಪನೇ. ವಯರ್ ಎಳೆದು, ತಿರುಚಿ, ಕಟ್ಟಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ. ಕೆಳಗೆ ನೋಡಿದರೆ ಏಣಿಯ ಬುಡದಲ್ಲಿ ಹುಂಜ ನಿಂತು ಮೇಲೆ ನೋಡುತ್ತಿದೆ.

ಲೈನ್‌ಮ್ಯಾನ್ ನೆಲ ಮುಟ್ಟದೆ ಲೈನ್ ಹಾಕುವಂತಿಲ್ಲ. ಇದು ಮಾತ್ರ ನಿಜವಾಗಿ ಸರ್ಕ್ಯುಲರ್‌ನಲ್ಲಿ ಇರುವ ಕಾನೂನು. ಐದು ನಿಮಿಷ ಆಯಿತು. ಹತ್ತಾಯಿತು. ಇಡ್ಲಿ ಹಿಟ್ಟು ಅರ್ಧ ರುಬ್ಬಿದವರು, ಫೋನ್ ಚಾರ್ಜಿಗೆ ಹಾಕಿದವರು ಎಲ್ಲರೂ ವೀರೇಶ್ ಅವರಿಗೆ ಕರೆ ಮಾಡತೊಡಗಿದರು.

"ಹುಂಜ ಬುಡ ಬಿಟ್ಟ ಮೇಲೆ ಬರ್ತದೆ," ಎಂದು ಅವರು ಬಾನೆಟ್ ಮೇಲೆ ಕೂತು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು.

"ಓಡಿಸ್ಲಾ?" ಎಂದ ನಾರಾಯಣ, ಕೋಲು ಹುಡುಕುತ್ತ.

"ಮುಟ್ಟಿದ್ರೆ ನೋಡು," ಎಂದಳು ತುಂಗಮ್ಮ.

ಜಲಜಾಕ್ಷಿ ಅಂಗಳ ದಾಟಿ ಬಂದು ಏಣಿ ಹಿಡಿದು ನಿಂತಳು. "ಬನ್ನಿ, ಅನ್ನ ಆರ್ತದೆ" ಎಂದಳು, ದಿನಾ ಮಧ್ಯಾಹ್ನ ಹಿತ್ತಲಿನಿಂದ ಕರೆಯುವ ಹಾಗೆಯೇ.

ವಾಸಪ್ಪ ಇಳಿದ. ಒಂದೊಂದೇ ಮೆಟ್ಟಿಲು. ಕೊನೆಯ ಮೆಟ್ಟಿಲಿನಿಂದ ಕಾಲು ನೆಲಕ್ಕಿಟ್ಟ. ಹುಂಜ ಕುಕ್ಕಿತು. ಬೂಟಿನ ತುದಿಗೆ, ಒಂದೇ ಸಲ, ಟಕ್ ಎಂದು. ನಂತರ ಆಸಕ್ತಿ ಕಳೆದುಕೊಂಡು ಗೊಬ್ಬರಗುಂಡಿಯ ಕಡೆಗೆ ಹೋಯಿತು.

ವಾಸಪ್ಪ ಬೂಟು ನೋಡಿದ. ಹುಂಜ ಹೋದ ದಿಕ್ಕು ನೋಡಿದ.

"ಇಷ್ಟೇನಾ?" ಎಂದ.

ಅವನೇ ಮೊದಲು ನಕ್ಕದ್ದು. ಏಣಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಊರು ನಕ್ಕಿತು. ವೀರೇಶ್ ಫೋನ್ ಮಾಡಿ ಲೈನ್ ಹಾಕಿಸಿದರು. ಮನೆಯೊಳಗೆ ತುಂಗಮ್ಮನ ಟಿವಿ ನಾಲ್ಕು ದಿನದ ಮೌನ ಮುರಿದು ದೊಡ್ಡ ಸ್ವರದಲ್ಲಿ ಅತ್ತೆ-ಸೊಸೆ ಜಗಳ ಶುರುಮಾಡಿತು.

"ಈ ಖುಷಿಗೆ ನನ್ನ ಎಡಮೊಣಕಾಲೂ ವಾಸಿ ಆದಂಗಾಯ್ತು," ಎಂದಳು ತುಂಗಮ್ಮ. ಎಲ್ಲರೂ ಹುಂಜದ ಕಡೆ ತಿರುಗಿದ್ದು ಕಂಡು ತಕ್ಷಣ ಮೊಣಕಾಲು ಹಿಡಿದುಕೊಂಡಳು. "ಇಲ್ಲ ಇಲ್ಲ, ಇನ್ನೂ ನೋಯ್ತದೆ."

ವೀರೇಶ್ ಅವರ ವರದಿ ಎರಡೇ ಸಾಲಿನದಾಗಿತ್ತು. "ಸ್ಥಳ ಪರಿಶೀಲಿಸಲಾಗಿದೆ. ಸದರಿ ಹುಂಜದಿಂದ ಸಿಬ್ಬಂದಿಗೆ ತೊಂದರೆಯಿಲ್ಲ, ಉಪಕಾರವಿದೆ."

ಸಂಜೆ ಜಲಜಾಕ್ಷಿ ಪಾತ್ರೆ ತೊಳೆಯುತ್ತಿದ್ದಾಗ ವಾಸಪ್ಪ ಪಕ್ಕದಲ್ಲಿ ಬಂದು ನಿಂತ.

"ಜಲಜಾ, ನಾವೂ ಕೋಳಿ ಸಾಕೋಣ."

ಅವಳ ಕೈಯಲ್ಲಿದ್ದ ಲೋಟ ಜಾರಿತು.

"ಒಂದೇ ಸಲ ಕೋಳಿ ಬೇಡ," ಎಂದ ಅವಸರದಿಂದ. "ಮೊಟ್ಟೆಯಿಂದ ಶುರುಮಾಡೋಣ. ಮರಿ ಆಗೋಕೆ ಇಪ್ಪತ್ತೊಂದು ದಿನ ಬೇಕಲ್ಲ. ಅಷ್ಟರಲ್ಲಿ ನಾನು ತಯಾರಾಗ್ತೀನಿ."

"ಕಾವಿಗೆ ಕೂರಿಸೋಕೆ ಕೋಳಿ ಬೇಡ್ವಾ?"

"ಬೇಡ. ಕರೆಂಟ್ ಇದೆ."

ರಟ್ಟಿನ ಪೆಟ್ಟಿಗೆಯಲ್ಲಿ ಭತ್ತದ ಹೊಟ್ಟು ಹಾಸಿ, ಹಳೇ ಅರವತ್ತರ ಬಲ್ಬು ಇಳಿಬಿಟ್ಟು, ತುಂಗಮ್ಮ ಕೊಟ್ಟ ಆರು ಮೊಟ್ಟೆ ಇಟ್ಟ. ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸಿದ. ಆ ಇಪ್ಪತ್ತೊಂದು ದಿನ ಹಿರೇಕೊಡಿಗೆಯಲ್ಲಿ ಕರೆಂಟ್ ಹೋದರೆ ಹತ್ತು ನಿಮಿಷದಲ್ಲಿ ಬರುತ್ತಿತ್ತು. ಕಾರಣ ತಿಳಿಯದೆ ಜನ ಹೆದರಿದರು. ಏನೋ ದೊಡ್ಡದು ಕಾದಿದೆ ಎಂದು ನಾರಾಯಣ ಮೇಣದಬತ್ತಿ ತರಿಸಿಟ್ಟ.

ಇಪ್ಪತ್ತೊಂದನೆಯ ದಿನ ಮೂರು ಮೊಟ್ಟೆ ಒಡೆದವು. ಹೊರಗೆ ಬಂದ ಮರಿಗಳು ಮೊದಲು ಕಂಡದ್ದು ಪೆಟ್ಟಿಗೆಯ ಮೇಲೆ ಬಗ್ಗಿದ್ದ ಮೀಸೆಯ ಮುಖವನ್ನು. ಇದೇ ನಮ್ಮ ತಾಯಿ ಎಂದು ಅವು ನಂಬಿದವು. ವಾಸಪ್ಪ ಮೊದಲ ದಿನ ಕುರ್ಚಿಯ ಮೇಲೆ ಕಾಲೆತ್ತಿ ಕೂತ. ಎರಡನೆಯ ದಿನ ಕಾಲು ಇಳಿಸಿದ. ನಾಲ್ಕನೆಯ ದಿನ ಒಂದು ಮರಿ ಅವನ ಅಂಗೈಯಲ್ಲಿ ನಿದ್ದೆ ಮಾಡಿತು. ಅದು ಏಳುವವರೆಗೆ ಅವನು ಊಟಕ್ಕೂ ಏಳಲಿಲ್ಲ. ಜಲಜಾಕ್ಷಿ ಅನ್ನ ಕಲಸಿ ತುತ್ತು ಮಾಡಿ ಕೊಟ್ಟಳು.

ತಿಂಗಳ ಮೇಲೆ ನಾರಾಯಣನ ಮನೆಯ ಫ್ಯೂಸ್ ಮತ್ತೆ ಹೋಯಿತು. ಉಣುಗೋಲು ತೆರೆದ ಸದ್ದು ಕೇಳಿ ಅವನು ಒಳಗಿನಿಂದಲೇ ಕೂಗಿದ.

"ವಾಸಪ್ಪ, ಕೋಳಿಗಳು ಆಗಲೇ ಗೂಡು ಸೇರಿದಾವೆ ಮಾರಾಯ, ಧೈರ್ಯವಾಗಿ ಬಾ."

"ಅವನ್ನೂ ಹೊರಗೆ ಬಿಡು ಮಾರಾಯ," ಎಂದ ವಾಸಪ್ಪ. "ನನ್ನ ಜೊತೆ ಮೂರು ಬಂದಾವೆ, ಅವುಕ್ಕೆ ಆಡೋಕೆ ಯಾರಾದ್ರೂ ಬೇಕು."